ಕುದುರೆಯ ನಡೆಯೂ ಕಾರಣ ಕೇಳುವ ಬುದ್ಧಿಯೂ

ಚದುರಂಗಕ್ಕೆ ನಮ್ಮ ನಾಡಿನಲ್ಲಿ ಈಗ ಒಳ್ಳೆಯ ಕಾಲ. ೨೦೨೪ರ ಡಿಸೆಂಬರಿನಲ್ಲಿ ಹದಿನೆಂಟು ವರ್ಷದ ಗುಕೇಶ್ ಸಿಂಗಪುರದಲ್ಲಿ ವಿಶ್ವವಿಜೇತನಾದ ಮೇಲಂತೂ ಚಿತ್ರದುರ್ಗದಂಥ ಊರಿನಲ್ಲಿಯೂ ತಂದೆತಾಯಿಗಳು ಮಕ್ಕಳಿಗೆ ಚದುರಂಗದ ಹಾಸನ್ನು ಸಂತೋಷದಿಂದಲೇ ಕೊಡಿಸುತ್ತಿದ್ದಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಳಗಿನ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ದಾರಿಯುದ್ದಕ್ಕೂ ಮೊಬೈಲಿನ ಪರದೆಯ ಮೇಲೆ ಈ ಆಟದಲ್ಲಿಯೇ ಮಗ್ನರಾಗಿರುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಆದರೆ ಅವರು ಆಡುವ ಬಗೆಯನ್ನು ಕಂಡಾಗ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಆಟ ಮುಗಿದೊಡನೆ ಯಂತ್ರವು, ಇಂಥ ಕಡೆ ಇಂಥ ನಡೆಯೇ ಉತ್ತಮವಾಗಿತ್ತೆಂದು ತೋರಿಸುತ್ತದೆ. ಹುಡುಗ ತಲೆದೂಗುತ್ತಾನೆ. ಅದು ಏಕೆ ಉತ್ತಮವೆಂದು ಕೇಳಿದರೆ, "ಕಂಪ್ಯೂಟರ್ ಹೇಳುತ್ತದಲ್ಲ ಸಾರ್" ಎನ್ನುತ್ತಾನೆ. ಪ್ರಯೋಗಶಾಲೆಯ ರೆಕಾರ್ಡಿನಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ಮೊದಲು ಬರೆದುಕೊಂಡು, ಲೋಲಕದ ಆವರ್ತಕಾಲಗಳನ್ನು ಅನಂತರ ಅದಕ್ಕೆ ಹೊಂದಿಸುವ ಅಭ್ಯಾಸಕ್ಕೂ ಈ ಉತ್ತರಕ್ಕೂ ಹತ್ತಿರದ ನೆಂಟಸ್ತಿಕೆಯಿದೆ.

ಚದುರಂಗವು ಭಾರತದಲ್ಲಿ ಹುಟ್ಟಿ, ಪರ್ಷಿಯ, ಅರಬ್ ನಾಡುಗಳ ಮೂಲಕ ಯೂರೋಪಿಗೆ ಹೋಯಿತೆಂಬುದನ್ನು ವಾಚಕರು ಬಲ್ಲರು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗದ ವಿವರಣೆಯೂ ಇದೆ. ಆಟದ ಹುಟ್ಟಿನ ಬಗ್ಗೆ ನಾವು ಹೆಮ್ಮೆಪಡುವುದು ಸಹಜ. ಆದರೆ ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ, ಜ್ಞಾನೋದಯದ ಯುಗವೆಂದು ಇತಿಹಾಸಕಾರರು ಕರೆಯುವ ಆ ಕಾಲದಲ್ಲಿ, ಈ ಆಟಕ್ಕೆ ಮತ್ತೊಂದು ಜನ್ಮ ಬಂದಿತು. ನಡೆಯನ್ನು ತೋರಿಸಿದರೆ ಸಾಲದು, ಕಾರಣವನ್ನು ಹೇಳಬೇಕು ಎಂಬುದು ಆ ಎರಡನೆಯ ಜನ್ಮದ ಜಾತಕ. ನಮ್ಮ ಶಾಲೆ ಕಾಲೇಜುಗಳು ಮೊದಲ ಜನ್ಮವನ್ನು ಕೊಂಡಾಡಿ ಎರಡನೆಯದನ್ನು ಮರೆತಿವೆಯೆಂಬುದು ನಮ್ಮ ಅಭಿಪ್ರಾಯ.

ಆಗಿನ ಪ್ಯಾರಿಸ್ ನಗರದಲ್ಲಿ ಅರಮನೆಯ ಸಮೀಪದಲ್ಲಿದ್ದ 'ಕಾಫೆ ದ ಲಾ ರೆಜಾನ್ಸ್' ಎಂಬ ಕಾಫಿಗೃಹವು ಚದುರಂಗದ ಆಟಗಾರರ ಮಠದಂತಿತ್ತು. ವಿಶ್ವಕೋಶದ ಸಂಪಾದಕನಾದ ದಿದರೋ ಅಲ್ಲಿ ಕುಳಿತು ಆಟ ನೋಡುತ್ತಿದ್ದ, ರೂಸೋ ಆಡುತ್ತಿದ್ದ. ಅಲ್ಲಿನ ಪ್ರಧಾನ ಪುರುಷ ಫಿಲಿಡೋರ್. ೧೭೨೬ರಲ್ಲಿ ಹುಟ್ಟಿದ ಈತ ವೃತ್ತಿಯಿಂದ ಸಂಗೀತಗಾರ, ಗೀತನಾಟಕಗಳ ರಚಕ. ೧೭೪೯ರಲ್ಲಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿ, ಲಂಡನ್ನಿನಲ್ಲಿ ಆತ ಪ್ರಕಟಿಸಿದ ಚದುರಂಗದ ವಿಶ್ಲೇಷಣ ಗ್ರಂಥ ಆಟದ ಚರಿತ್ರೆಯನ್ನೇ ತಿರುಗಿಸಿತು. ಅದುವರೆಗಿನ ಪುಸ್ತಕಗಳು ಬಹುಮಟ್ಟಿಗೆ, ಎದುರಾಳಿ ಹೀಗೆ ನಡೆದರೆ ನೀನು ಹೀಗೆ ನಡೆ ಎಂಬ ಪಟ್ಟಿಗಳಾಗಿದ್ದವು. ಫಿಲಿಡೋರ್ ನಡೆಯ ಪಕ್ಕದಲ್ಲಿ ಕಾರಣವನ್ನು ಬರೆದ. ಕಾಲಾಳುಗಳೇ ಆಟದ ಜೀವವೆಂಬುದು ಆತನ ಸಿದ್ಧಾಂತ. ಅವುಗಳನ್ನು ಒಂದಕ್ಕೊಂದು ಆಸರೆಯಾಗಿ ಹೇಗೆ ನಿಲ್ಲಿಸಬೇಕು, ಕುದುರೆ ಒಂಟೆಗಳು ಅವುಗಳ ದಾರಿಗೆ ಏಕೆ ಅಡ್ಡಬರಬಾರದು ಎಂಬುದನ್ನು ಅವನು ವಾದಪೂರ್ವಕವಾಗಿ ನಿರೂಪಿಸಿದ.

ಕಾರಣ ಕೊಟ್ಟವನ ಮೇಲೆ ವಾದ ಹೂಡಬಹುದು. ಇಟಲಿಯ ಮೊಡೆನಾ ನಗರದ ಡೆಲ್ ರಿಯೊ, ಲೊಲ್ಲಿ, ಪೊಂಜಿಯಾನಿ ಎಂಬ ಮೂವರು ಬಲ್ಲಿದರು, ಕಾಲಾಳುಗಳಿಗೆ ಇಷ್ಟು ಮಹತ್ವ ಸಲ್ಲದು, ಬಲಗಳನ್ನು ಬೇಗ ಹೊರತಂದು ದಾಳಿ ಮಾಡುವುದೇ ಸರಿಯೆಂದು ಪುಸ್ತಕಗಳನ್ನೇ ಬರೆದರು. ಯಾರು ಎಷ್ಟರ ಮಟ್ಟಿಗೆ ಸರಿ ಎಂಬ ವಿಚಾರ ಇಲ್ಲಿ ಬೇಡ. ಬರಿಯ ನಡೆಗಳ ಪಟ್ಟಿಯೊಡನೆ ಇಂಥ ಜಗಳ ಸಾಧ್ಯವಿರಲಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. (ಫಿಲಿಡೋರ್ ಕಣ್ಣು ಕಟ್ಟಿಕೊಂಡು ಏಕಕಾಲಕ್ಕೆ ಹಲವರೊಡನೆ ಆಡಿ ಜನರನ್ನು ಬೆರಗುಗೊಳಿಸುತ್ತಿದ್ದ. ಇಂಥ ಸಾಹಸದಿಂದ ಬುದ್ಧಿಗೇ ಅಪಾಯವಾದೀತೆಂದು ದಿದರೋ ೧೭೮೨ರಲ್ಲಿ ಅವನಿಗೆ ಕಾಗದ ಬರೆದು ಎಚ್ಚರಿಸಿದ. ನಮ್ಮ ಮನೆಗಳ ಹಿರಿಯರು ಹೇಳುವಂಥ ಮಾತೇ!)

ಇದೇ ಕಾಲದಲ್ಲಿ ಆಟದ ಕಾಯಿಗಳಲ್ಲೊಂದು, ಆಟವನ್ನೇ ಬಿಟ್ಟು ಗಣಿತಶಾಸ್ತ್ರದೊಳಕ್ಕೆ ಜಿಗಿಯಿತು. ಅದು ಕುದುರೆ. ಬರಿಯ ಹಾಸಿನ ಮೇಲೆ ಒಂದೇ ಕುದುರೆಯನ್ನಿಟ್ಟು, ಅರುವತ್ತನಾಲ್ಕು ಮನೆಗಳನ್ನೂ, ಯಾವುದನ್ನೂ ಎರಡು ಸಲ ಮುಟ್ಟದೆ, ಸುತ್ತಿಬರಲು ಸಾಧ್ಯವೆ? ಬರ್ಲಿನ್ ಅಕಾಡೆಮಿಯಲ್ಲಿದ್ದ ಮಹಾಗಣಿತಜ್ಞ ಆಯ್ಲರನು ಒಂದು ಗೋಷ್ಠಿಯಲ್ಲಿ ಯಾರೋ ಈ ಪ್ರಶ್ನೆಯನ್ನು ಎತ್ತಿದುದನ್ನು ಕೇಳಿ ಅದರ ಬೆನ್ನುಹತ್ತಿದ. ಅವನ ಪ್ರಬಂಧ ಅಕಾಡೆಮಿಯ ೧೭೫೯ರ ಸಂಪುಟಕ್ಕೆ ಸೇರಿದ್ದು, ಅಚ್ಚಾದದ್ದು ೧೭೬೬ರಲ್ಲಿ. ಯಾವ ವಿಶ್ಲೇಷಣೆಗೂ ಒಳಪಡದಂತೆ ಕಾಣುವ ಪ್ರಶ್ನೆಯೆಂದು ಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡು, ಒಳಗೆ ಅದನ್ನು ವಿಶ್ಲೇಷಣೆಗೆ ಒಳಪಡಿಸಿದ.

ಅವನ ಉಪಾಯ ಎಷ್ಟು ಸರಳವೆಂದರೆ ಹೈಸ್ಕೂಲಿನ ವಿದ್ಯಾರ್ಥಿಯೂ ಅದನ್ನು ಕೈಗೊಳ್ಳಬಹುದು. ಮೊದಲು ಕುದುರೆಯನ್ನು ಮನಬಂದಂತೆ ನಡೆಸುತ್ತ, ಮುಟ್ಟಿದ ಮನೆಗಳಿಗೆ ೧, ೨, ೩ ಎಂದು ಅಂಕೆ ಹಾಕುತ್ತ ಹೋಗಿರಿ. ಒಂದು ಹಂತದಲ್ಲಿ, ೬೦ನೆಯ ಮನೆಯಲ್ಲಿ ಎನ್ನೋಣ, ಮುಂದೆ ದಾರಿಯಿಲ್ಲದೆ ನಿಲ್ಲುತ್ತೀರಿ. ನಾಲ್ಕು ಮನೆಗಳು ಉಳಿದುಬಿಟ್ಟಿವೆ. ನಾವಾಗಿದ್ದರೆ ಎಲ್ಲವನ್ನೂ ಅಳಿಸಿ ಮತ್ತೆ ತೊಡಗುತ್ತಿದ್ದೆವು. ಆಯ್ಲರ್ ಅಳಿಸುವುದಿಲ್ಲ. ೬೦ರ ಮನೆಯಿಂದ ಕುದುರೆ ಹಾರಬಲ್ಲ ಹಳೆಯ ಮನೆಗಳು ಯಾವುವೆಂದು ನೋಡುತ್ತಾನೆ. ಅವುಗಳಲ್ಲಿ ೨೦ನೆಯದು ಒಂದು ಎಂದಿಟ್ಟುಕೊಳ್ಳಿ. ಆಗ ೧ರಿಂದ ೨೦ರವರೆಗೆ ಮೊದಲಿನಂತೆಯೇ ನಡೆದು, ಅಲ್ಲಿಂದ ೬೦ಕ್ಕೆ ಹಾರಿ, ೫೯, ೫೮ ಎಂದು ಹಿಂದುಮುಂದಾಗಿ ಬಂದರೆ ದಾರಿಯು ಈಗ ೨೧ರ ಮನೆಯಲ್ಲಿ ಮುಗಿಯುತ್ತದೆ. ಮುಟ್ಟಿದ ಮನೆಗಳು ಅವೇ. ಕೊನೆ ಮಾತ್ರ ಬೇರೆ. ಈ ಹೊಸ ಕೊನೆಯಿಂದ ಉಳಿದ ಮನೆಯೊಂದಕ್ಕೆ ದಾರಿ ಇರಬಹುದು. ಇಲ್ಲದಿದ್ದರೆ ಮತ್ತೊಂದು ತಿರುವು. ಹೀಗೆ ಕೆಟ್ಟ ದಾರಿಯನ್ನೇ ರಿಪೇರಿ ಮಾಡಿ ಪೂರ್ಣ ದಾರಿಯನ್ನಾಗಿಸುವುದು ಅವನ ಕ್ರಮ.

೧೭೭೧ರಲ್ಲಿ ಫ್ರಾನ್ಸಿನ ವಾಂಡರ್ಮೊಂಡ್ ಇದೇ ಸಮಸ್ಯೆಯನ್ನು ನೂಲಿನ ಹೆಣಿಗೆಯ ಜೊತೆಗಿಟ್ಟು ನೋಡಿದ. ನಮ್ಮ ಜಿಲ್ಲೆಯ ಕಂಬಳಿ ನೇಯುವವನಿಗೆ ಈ ಮಾತು ಥಟ್ಟನೆ ಹೊಳೆದೀತು: ಎಳೆಯ ಉದ್ದವೆಷ್ಟು ಎಂಬುದಕ್ಕಿಂತ, ಯಾವ ಎಳೆ ಯಾವುದರ ಮೇಲೆ ಹಾಯುತ್ತದೆ ಎಂಬುದು ಅಲ್ಲಿ ಮುಖ್ಯ. ಅಳತೆಯಿಲ್ಲದ, ಸಂಬಂಧವನ್ನು ಮಾತ್ರ ವಿಚಾರಿಸುವ ಈ ಗಣಿತ ಇಂದು ವಿದ್ಯುನ್ಮಂಡಲಗಳಲ್ಲಿ, ದೂರಸಂಪರ್ಕದ ಜಾಲಗಳಲ್ಲಿ, ಅಣುಗಳ ರಚನೆಯಲ್ಲಿ ನಿತ್ಯವೂ ಬಳಕೆಯಾಗುತ್ತಿದೆ.

ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕು. ಮೂರು ಸಾಲು, ಮೂರು ಕಂಬಗಳ ಒಂಬತ್ತು ಮನೆಗಳನ್ನು ಬರೆದು, ಮೇಲಿನ ಎಡಮೂಲೆಯಿಂದ ಸಾಲುಸಾಲಾಗಿ ೧ರಿಂದ ೯ರವರೆಗೆ ಅಂಕೆ ಹಾಕಿರಿ. ನಡುವಿನ ೫ಕ್ಕೆ ಕುದುರೆ ಎಲ್ಲಿಂದಲೂ ಬರಲಾರದು. ಉಳಿದ ಎಂಟು ಮನೆಗಳನ್ನು ೧, ೬, ೭, ೨, ೯, ೪, ೩, ೮ ಎಂಬ ಕ್ರಮದಲ್ಲಿ ಸುತ್ತಿ ಅದು ಮತ್ತೆ ೧ಕ್ಕೆ ಬರುತ್ತದೆ. ಅಂದಮೇಲೆ ಚೌಕವಾಗಿ ಕಂಡ ಹಾಸು ಕುದುರೆಯ ಪಾಲಿಗೆ ಎಂಟು ಮಣಿಗಳ ಒಂದು ಸರ, ಅಷ್ಟೆ! ಮೇಲಿನ ಮೂಲೆಗಳಲ್ಲಿ ಎರಡು ಬಿಳಿಯ ಕುದುರೆ, ಕೆಳಗಿನ ಮೂಲೆಗಳಲ್ಲಿ ಎರಡು ಕರಿಯ ಕುದುರೆ ಇಟ್ಟು ಅವುಗಳ ಸ್ಥಾನವನ್ನು ಅದಲುಬದಲು ಮಾಡಿರೆಂಬ ಸಮಸ್ಯೆಯನ್ನು ಇಟಲಿಯ ಗ್ವಾರಿನಿ ೧೫೧೨ರಷ್ಟು ಹಿಂದೆಯೇ ಕೊಟ್ಟಿದ್ದ. ಚೌಕವನ್ನು ನೋಡುತ್ತ ಕುಳಿತರೆ ತಲೆ ಕೆಡುತ್ತದೆ. ಸರವನ್ನು ನೋಡಿದರೆ, ಪ್ರತಿಯೊಂದು ಕುದುರೆಯೂ ಒಂದೇ ದಿಕ್ಕಿನಲ್ಲಿ ನಾಲ್ಕು ಹೆಜ್ಜೆ ಸರಿಯಬೇಕು, ಒಟ್ಟು ಹದಿನಾರು ನಡೆ ಎಂಬುದು ಕ್ಷಣದಲ್ಲಿ ಗೋಚರವಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಆಯ್ಲರನ ಪ್ರಬಂಧ ಅಚ್ಚಾದಾಗ ಚಿತ್ರದುರ್ಗದಲ್ಲಿ ಕೊನೆಯ ಮದಕರಿನಾಯಕ ಆಳುತ್ತಿದ್ದ; ೧೭೭೯ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಯುದ್ಧ ಮುತ್ತಿಗೆಗಳ ಈ ಕಾಲದಲ್ಲಿ ನಮ್ಮವರು ಕುದುರೆಯ ನಡೆಯ ಪ್ರಶ್ನೆಯನ್ನೇ ಕಂಡಿರಲಿಲ್ಲವೆಂದು ಭಾವಿಸಿದರೆ ಅದು ಪೂರ್ಣ ತಪ್ಪು. ಆಯ್ಲರನಿಗಿಂತ ಸುಮಾರು ಒಂಬತ್ತು ನೂರು ವರ್ಷ ಮೊದಲೇ ಕಾಶ್ಮೀರದ ಆಲಂಕಾರಿಕ ರುದ್ರಟನು ತನ್ನ 'ಕಾವ್ಯಾಲಂಕಾರ'ದಲ್ಲಿ ತುರಗಪದಬಂಧವನ್ನು ತೋರಿಸಿದ್ದಾನೆ. ಅನುಷ್ಟುಪ್ ಶ್ಲೋಕದಲ್ಲಿ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು ಮೂವತ್ತೆರಡು. ಅದು ಚದುರಂಗದ ಹಾಸಿನ ಸರಿಯಾದ ಅರ್ಧ. ಅಕ್ಷರಗಳನ್ನು ಮನೆಗಳಲ್ಲಿ ತುಂಬಿ ಸಾಲಾಗಿ ಓದಿದರೂ, ಕುದುರೆಯ ನಡೆಯಲ್ಲಿ ಓದಿದರೂ ಶ್ಲೋಕ ಒಂದೇ. ಹದಿನಾಲ್ಕನೆಯ ಶತಮಾನದ ವೇದಾಂತದೇಶಿಕರು 'ಪಾದುಕಾಸಹಸ್ರ'ದಲ್ಲಿ ಇನ್ನೂ ಮುಂದೆ ಹೋದರು: ಅಲ್ಲಿ ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಅದರ ಮುಂದಿನ ಶ್ಲೋಕವೇ ಹೊರಡುತ್ತದೆ. ಎರಡಕ್ಕೂ ಅರ್ಥವಿದೆ, ಛಂದಸ್ಸಿದೆ.

ಆದರೆ ಈ ಪರಂಪರೆಯ ಅತ್ಯಂತ ದೊಡ್ಡ ಹೆಸರು ನಮ್ಮ ಮೈಸೂರಿನದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಇನ್ನೂ ಐದು ವರ್ಷ ತುಂಬಿರದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ೧೮೬೮ರಲ್ಲಿ ತೀರಿಕೊಳ್ಳುವವರೆಗೆ, ರಾಜ್ಯವಿಲ್ಲದ ರಾಜರಾಗಿ, ಅವರು ಗ್ರಂಥರಚನೆಯಲ್ಲಿ, ವಿದ್ವಾಂಸರ ಪೋಷಣೆಯಲ್ಲಿ, ನಾನಾ ಬಗೆಯ ಹಾಸಿನಾಟಗಳಲ್ಲಿ ಮನಸ್ಸನ್ನು ತೊಡಗಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. 'ಚತುರಂಗಸಾರಸರ್ವಸ್ವ' ಎಂಬುದೂ ಅವರ ಹೆಸರಿನ ಗ್ರಂಥಗಳಲ್ಲೊಂದು. ಅವರು ಕೈಹಾಕಿದ್ದು ಕುದುರೆಯ ಸುತ್ತಿನ ಅತಿ ಕಠಿನವಾದ ಬಗೆಗೆ. ಕುದುರೆ ಎಲ್ಲ ಮನೆಗಳನ್ನು ಮುಟ್ಟಬೇಕು. ಅದು ಮುಟ್ಟಿದ ಕ್ರಮದಲ್ಲಿ ಅಂಕೆ ಹಾಕಿದಾಗ ಪ್ರತಿಯೊಂದು ಅಡ್ಡಸಾಲಿನ, ಪ್ರತಿಯೊಂದು ಕಂಬಸಾಲಿನ ಮೊತ್ತವೂ ಒಂದೇ ಆಗಬೇಕು. ೮×೮ರ ಹಾಸಿನಲ್ಲಿ ಈ ಮೊತ್ತ ೨೬೦. ಯೂರೋಪಿನಲ್ಲಿ ಇಂಥ ಮೊದಲನೆಯ ಸುತ್ತನ್ನು ಇಂಗ್ಲೆಂಡಿನ ಬೆವರ್ಲಿ ೧೮೪೮ರಲ್ಲಿ ಪ್ರಕಟಿಸಿದ. ಆತ ನಮ್ಮ ಮಹಾರಾಜರ ಸಮಕಾಲೀನ. ೧೨×೧೨ರ, ಅಂದರೆ ೧೪೪ ಮನೆಗಳ, ಸಾಲು ಮೊತ್ತ ೮೭೦ ಬರುವ ಸುತ್ತೊಂದು ಮುಮ್ಮಡಿಯವರ ಹೆಸರಿನಲ್ಲಿ ಗಣಿತ ವಿನೋದದ ಚರಿತ್ರೆಯನ್ನು ಸೇರಿದೆ. ಲೆಕ್ಕದ ಯಂತ್ರವಿಲ್ಲದೆ, ಕಾಗದ ಲೇಖನಿಗಳಿಂದ ಮಾತ್ರ ಇದನ್ನು ಸಾಧಿಸಲು ಎಂಥ ತಾಳ್ಮೆ ಬೇಕೆಂಬುದನ್ನು ಒಂದು ಸಂಜೆ ಪ್ರಯತ್ನಿಸಿದವರೇ ಬಲ್ಲರು.

ಈ ವಿಚಾರ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಎಲ್ಲವೂ ನಮ್ಮಲ್ಲಿಯೇ ಇತ್ತು, ಆಯ್ಲರ್ ಹೊಸತೇನನ್ನೂ ಮಾಡಲಿಲ್ಲ ಎಂಬುದು ಒಂದು. ನಮ್ಮದು ಬರಿಯ ಅಕ್ಷರ ಚಮತ್ಕಾರ, ಅರಸುಗಳ ಹೊತ್ತುಕಳೆಯುವ ಆಟ, ವಿಜ್ಞಾನವಲ್ಲ ಎಂಬುದು ಮತ್ತೊಂದು. ಎರಡನ್ನೂ ನಾವು ಒಪ್ಪುವುದಿಲ್ಲ. ರುದ್ರಟನ ಶ್ಲೋಕ ಹಾಸನ್ನು ಪೂರ್ತಿ ಬಿಡಿಸಿದವನ ಕೃತಿ. ಪರಿಹಾರ ತಿಳಿಯದೆ ಅದನ್ನು ಬರೆಯುವಂತೆಯೇ ಇಲ್ಲ. ಆದರೆ ಶ್ಲೋಕ ಉತ್ತರವನ್ನು ಕಾಪಾಡುತ್ತದೆಯೇ ಹೊರತು ಉತ್ತರ ದೊರೆತ ಬಗೆಯನ್ನು ಹೇಳುವುದಿಲ್ಲ. ಕಂಠಪಾಠ ಮಾಡಿದವನಿಗೆ ಆ ಒಂದು ಸುತ್ತು ಸಿಕ್ಕಿತು. ಎರಡನೆಯದನ್ನು ಅವನು ಕಟ್ಟಲಾರ. ೧೪೪ ಅಂಕೆಗಳ ಮಹಾ ಚೌಕವೂ ಹಾಗೆಯೇ: ಮೊತ್ತ ಹಾಕಿ ನೋಡಿ ಬೆರಗಾಗುತ್ತೇವೆ, ಅಂಕೆಗಳು ತಾವು ಅಲ್ಲಿ ಬಂದು ಕುಳಿತ ಕಥೆಯನ್ನು ಹೇಳುವುದಿಲ್ಲ. ಆಯ್ಲರನ ಪ್ರಬಂಧವನ್ನು ಓದಿದವನಿಗಾದರೋ ಒಂದು ಸುತ್ತಿನ ಬದಲು ಬೇಕಾದಷ್ಟು ಸುತ್ತುಗಳನ್ನು ಕಟ್ಟುವ ಕೈಚಳಕ ಬಂದಿತು. ಬುದ್ಧಿಶಕ್ತಿಯಲ್ಲಿ ಮೈಸೂರು ಬರ್ಲಿನ್ನಿಗೆ ಕಡಮೆಯಾಗಿರಲಿಲ್ಲ. ಬರ್ಲಿನ್ನಿನಲ್ಲಿ ದಾರಿಯನ್ನು ಬರೆದು, ಅಚ್ಚುಹಾಕಿಸಿ, ಪರರ ಕೈಗೆ ಕೊಡುವ ಏರ್ಪಾಡಿತ್ತು. ವ್ಯತ್ಯಾಸ ಇಷ್ಟೇ, ಆದರೆ ಇದು ಚಿಕ್ಕ ವ್ಯತ್ಯಾಸವಲ್ಲ.

ಯೂರೋಪಿನ ಆ ಯುಗವೂ ಕಾರಣವನ್ನೇ ಉಸಿರಾಡುತ್ತಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ೧೭೭೦ರಲ್ಲಿ ವಿಯೆನ್ನಾದ ಆಸ್ಥಾನದಲ್ಲಿ ಕೆಂಪೆಲೆನ್ ಎಂಬಾತ ಚದುರಂಗವಾಡುವ ಯಂತ್ರವೊಂದನ್ನು ತೋರಿಸಿದ. ತುರ್ಕಿಯ ವೇಷದ ಗೊಂಬೆ, ಅದರ ಮುಂದೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹಲ್ಲುಚಕ್ರಗಳು. ಬಾಗಿಲುಗಳನ್ನು ಒಂದೊಂದಾಗಿ ತೆರೆದು ತೋರಿಸಿ, ಮುಚ್ಚಿ, ಕೀಲಿ ಕೊಟ್ಟರೆ ಗೊಂಬೆ ಆಡಿ ಗೆಲ್ಲುತ್ತಿತ್ತು. ೧೮೦೯ರಲ್ಲಿ ನೆಪೋಲಿಯನ್ ಅದರೆದುರು ಸೋತ. ಒಳಗೆ ಒಬ್ಬ ನುರಿತ ಆಟಗಾರ ಮುದುರಿ ಕುಳಿತಿರುತ್ತಿದ್ದನೆಂಬುದು ಆಮೇಲೆ ಬಯಲಾಯಿತು. ಕುದುರೆಯ ಸುತ್ತನ್ನು ಮಾಡಿ ತೋರಿಸುವುದೂ ಆ ಗೊಂಬೆಯ ಪ್ರದರ್ಶನದ ಒಂದು ಭಾಗವಾಗಿತ್ತು. ಪ್ರೇಕ್ಷಕರು ಯಾವ ಮನೆಯಲ್ಲಿ ಕುದುರೆಯನ್ನಿಟ್ಟರೂ ಅದು ಅಲ್ಲಿಂದಲೇ ಹೊರಟು ಅರುವತ್ತನಾಲ್ಕನ್ನೂ ಮುಟ್ಟುತ್ತಿತ್ತು. ಇದಕ್ಕೆ ಮೇಧಾಶಕ್ತಿ ಬೇಕಿಲ್ಲ: ಕೊನೆಯ ಮನೆಯಿಂದ ಮೊದಲ ಮನೆಗೆ ಹಾರುವಂಥ ಮುಚ್ಚಿದ ಸುತ್ತು ಒಂದನ್ನು ಬರೆದಿಟ್ಟುಕೊಂಡರೆ ಎಲ್ಲಿಂದ ಬೇಕಾದರೂ ತೊಡಗಬಹುದು. ಯಂತ್ರಕ್ಕೆ ನಿಜವಾಗಿ ಕಲಿಸಬಹುದಾಗಿದ್ದದ್ದು ಅದೊಂದೇ. (ಅದೇ ಕಾಲದಲ್ಲಿ ಟಿಪ್ಪುಸುಲ್ತಾನನ ಬಳಿಯಿದ್ದು ೧೭೯೯ರ ಅನಂತರ ಲಂಡನ್ನಿಗೆ ಹೋದ ಮರದ ಹುಲಿಯೂ ಯಂತ್ರವೇ. ಹಿಡಿಕೆಯನ್ನು ತಿರುಗಿಸಿದರೆ ಗರ್ಜಿಸುತ್ತಿದ್ದ ಆ ಹುಲಿಯ ಹೊಟ್ಟೆಯಲ್ಲಿ ತಿದಿ ಕೊಳವೆಗಳಿದ್ದವು, ಮನುಷ್ಯನಿರಲಿಲ್ಲ!)

ಒಳಗೇನಿದೆ ಎಂದು ಕೇಳದೆ ಚಪ್ಪಾಳೆ ತಟ್ಟಿದವರನ್ನು ಕಂಡು ನಾವು ನಗುತ್ತೇವೆ. ಆದರೆ ಇಂದಿನ ಮೊಬೈಲಿನೊಳಗಿನ ಆಟಗಾರನನ್ನು ನಮ್ಮ ವಿದ್ಯಾರ್ಥಿ ನಂಬುವುದು ಬೇರೆ ರೀತಿಯಲ್ಲಿಯೇ? ಒಳಗೆ ಮನುಷ್ಯನಿಲ್ಲವೆಂಬುದು ನಿಜ. ೧೯೯೭ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಅಂದಿನ ವಿಶ್ವವಿಜೇತ ಕ್ಯಾಸ್ಪರೋವ್ ಅವರನ್ನು ಸೋಲಿಸಿದಂದಿನಿಂದ ಯಂತ್ರದ ಬಲವೂ ನಿಸ್ಸಂದೇಹ. ಅದು ಹೇಳುವ ನಡೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತೊಂದರೆಯಿರುವುದು ನಡೆಯಲ್ಲಿ ಅಲ್ಲ, ಕೇಳುವವನಲ್ಲಿ.

ಕಂಪ್ಯೂಟರಿನ ಲೆಕ್ಕವೂ ಪರೀಕ್ಷೆಗೆ ಹೊರತಲ್ಲವೆಂಬುದಕ್ಕೆ ಕುದುರೆಯ ಸುತ್ತೇ ಒಳ್ಳೆಯ ನಿದರ್ಶನ. ೮×೮ರ ಹಾಸಿನಲ್ಲಿ ಮುಚ್ಚಿದ ಸುತ್ತುಗಳು ಒಟ್ಟು ಎಷ್ಟೆಂಬುದನ್ನು ೧೯೯೬ರಲ್ಲಿ ಇಬ್ಬರು ಜರ್ಮನ್ ಸಂಶೋಧಕರು ಕಂಪ್ಯೂಟರಿನಿಂದ ಎಣಿಸಿ ಪ್ರಕಟಿಸಿದರು. ಹಾಸನ್ನು ತಿರುಗಿಸಿದರೆ, ಮಗುಚಿದರೆ ಒಂದು ಸುತ್ತಿನಿಂದ ಇತರ ಸುತ್ತುಗಳು ಹುಟ್ಟುವುದರಿಂದ ಈ ಸಂಖ್ಯೆ ೪ರಿಂದ ಭಾಗವಾಗಲೇಬೇಕು. ಅವರ ಸಂಖ್ಯೆ ೪ರಿಂದ ಭಾಗವಾಗುತ್ತಿರಲಿಲ್ಲ! ೧೯೯೭ರಲ್ಲಿ ಆಸ್ಟ್ರೇಲಿಯದ ಮೆಕೇ ಸರಿಯಾದ ಸಂಖ್ಯೆಯನ್ನು ಕೊಟ್ಟರು: ೧೩,೨೬೭,೩೬೪,೪೧೦,೫೩೨; ಅಂದರೆ ಹದಿಮೂರು ಲಕ್ಷ ಕೋಟಿಗೂ ಮಿಕ್ಕದ್ದು. ಕರ್ಣಗಳ ಮೊತ್ತವೂ ೨೬೦ ಬರುವ ಪೂರ್ಣ ಮಾಯಾಸುತ್ತು ೮×೮ರಲ್ಲಿ ಒಂದೂ ಇಲ್ಲವೆಂಬುದು ೨೦೦೩ರಲ್ಲಿ ಇತ್ಯರ್ಥವಾಯಿತು. ಮುಮ್ಮಡಿಯವರ ಮನಸ್ಸನ್ನು ಹಿಡಿದ ಪ್ರಶ್ನೆ ನಮ್ಮ ಕಾಲದವರೆಗೂ ಜೀವಂತವಾಗಿತ್ತೆಂದಂತಾಯಿತು.

ಆದುದರಿಂದ ನಮ್ಮದೊಂದು ಸಲಹೆ. ಈಗ ನಮ್ಮ ತಾಲ್ಲೂಕುಗಳ ಶಾಲೆಗಳಲ್ಲಿ ಚದುರಂಗವೆಂದರೆ ಪಂದ್ಯ, ಪದಕ, ಪ್ರಮಾಣಪತ್ರ; ಅದರ ಜಾಗ ಕ್ರೀಡೋಪಕರಣಗಳ ಬೀರು. ಅದನ್ನು ವಾರಕ್ಕೊಮ್ಮೆಯಾದರೂ ಗಣಿತದ ತರಗತಿಗೆ ತರಬೇಕು. ಗೆಲ್ಲಲಿಕ್ಕಲ್ಲ, ಪ್ರಶ್ನೆ ಕೇಳಲಿಕ್ಕೆ. ಹಣ ಬೇಕಾಗಿಲ್ಲ. ಹಾಸು ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಎಳೆದರೆ ಸಾಕು. ಹುಲಿಕುರಿ ಆಟಕ್ಕೆ ದೇವಸ್ಥಾನದ ಜಗಲಿಯ ಕಲ್ಲಿನ ಮೇಲೆ ಗೀಟು ಕೊರೆದ ನಾಡಿಗೆ ಇದನ್ನು ಕಲಿಸಬೇಕೆ? ಉತ್ತರ ಬರೆದ ವಿದ್ಯಾರ್ಥಿಗೆ ಅರ್ಧ ಅಂಕ, ದಾರಿಯನ್ನು ವಿವರಿಸಿದವನಿಗೆ ಪೂರ್ಣ ಅಂಕ ಕೊಡಬೇಕು. ಉತ್ತರ ಸಿಗದಿದ್ದರೂ ಏಕೆ ಸಿಗದೆಂದು ಸಿದ್ಧಪಡಿಸಿದವನಿಗೆ ಇನ್ನೂ ಹೆಚ್ಚು ಕೊಟ್ಟರೆ ನಮ್ಮ ಅಭ್ಯಂತರವಿಲ್ಲ. ಪಾಠ ಹೆಚ್ಚು, ಸಮಯ ಕಡಮೆ ಎಂಬ ಅಧ್ಯಾಪಕರ ಮಾತು ನ್ಯಾಯವಾದದ್ದೇ. ನಾವೂ ಅದನ್ನು ದಿನವೂ ಆಡುವವರೇ. ಆದರೆ ಇದು ಇನ್ನೊಂದು ಪಾಠವಲ್ಲ. ಸಿದ್ಧಾಂತವೆಂದರೇನು, ಸಾಧನೆಯೆಂದರೇನು ಎಂಬುದನ್ನು ಹದಿಮೂರು ವರ್ಷದ ಹುಡುಗಿಗೆ ಹತ್ತು ನಿಮಿಷದಲ್ಲಿ ಮನಗಾಣಿಸುವ ಸಾಧನ ಇದಕ್ಕಿಂತ ಸುಲಭವಾದುದು ನಮಗೆ ತಿಳಿಯದು.

ಒಂದು ಉದಾಹರಣೆ. ೫×೫ರ ಹಾಸಿನಲ್ಲಿ ಕುದುರೆ ಎಲ್ಲ ಮನೆಗಳನ್ನೂ ಸುತ್ತಿ ಹೊರಟ ಮನೆಗೇ ಮರಳಬಹುದೆ? ಪ್ರತಿ ನಡೆಯಲ್ಲಿಯೂ ಕುದುರೆ ಬಿಳಿಯ ಮನೆಯಿಂದ ಕರಿಯ ಮನೆಗೆ, ಕರಿಯದರಿಂದ ಬಿಳಿಯದಕ್ಕೆ ಹಾರುತ್ತದೆ. ಹೊರಟ ಮನೆಗೇ ಮರಳಬೇಕಾದರೆ ಕರಿಯ ಮನೆಗಳೂ ಬಿಳಿಯ ಮನೆಗಳೂ ಸಮಸಂಖ್ಯೆಯಲ್ಲಿರಬೇಕು. ಇಲ್ಲಿ ಇರುವುದು ೧೩ ಮತ್ತು ೧೨. ಆದ್ದರಿಂದ ಸಾಧ್ಯವಿಲ್ಲ. ಎಷ್ಟು ಕೋಟಿ ದಾರಿಗಳಿದ್ದರೂ ಒಂದನ್ನೂ ನಡೆದುನೋಡುವ ಅಗತ್ಯವಿಲ್ಲದೆ ಮಾತು ಮುಗಿಯಿತು.

೩×೪ರ ಹನ್ನೆರಡು ಮನೆಗಳನ್ನು ಕುದುರೆ ಒಮ್ಮೊಮ್ಮೆ ಮುಟ್ಟಿ ಬರಬಲ್ಲುದು. ಹೊರಟಲ್ಲಿಗೆ ಮರಳಲಾರದು, ಅಷ್ಟೆ. ಅದಕ್ಕಿಂತ ದೊಡ್ಡದಾದ ೪×೪ರಲ್ಲಿ ಕರಿಯವೂ ಬಿಳಿಯವೂ ಎಂಟೆಂಟು ಸಮನಾಗಿದ್ದರೂ, ಮರಳುವ ಮಾತಿರಲಿ, ಹದಿನಾರನ್ನೂ ಮುಟ್ಟಲು ಸಹ ಕುದುರೆಗೆ ಸಾಧ್ಯವಿಲ್ಲ. ಏಕೆ? ಎದುರುಬದುರಾದ ಎರಡು ಮೂಲೆಗಳಿಂದ ಕುದುರೆ ಯಾವ ಯಾವ ಮನೆಗಳಿಗೆ ಹಾರಬಲ್ಲುದೆಂಬುದನ್ನು ಗುರುತಿಸಿಕೊಂಡು ವಾಚಕರು ವಿಚಾರಮಾಡಬೇಕು. ಮೊಬೈಲನ್ನು ಅಷ್ಟು ಹೊತ್ತು ಆಚೆಗಿಟ್ಟರೆ ಒಳ್ಳೆಯದು.